ಬಿದ್ದ ಹಣ್ಣಿನ ಅರವತ್ತು ಬಾಟ್ಲು

ಅಲ್ಲ, ನಿಯಮ ಏನಿತ್ತು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ನೆಲಕ್ಕೆ ಬಿದ್ದ ಹಣ್ಣು ಬಾಟ್ಲಿಗೆ ಹೋಗಬಾರದು. ಇಷ್ಟೇ. ಮರದಿಂದ ಕೈಯಲ್ಲಿ ಕಿತ್ತದ್ದು ಮಾತ್ರ. ಈ ನಿಯಮ ಮಾಡಿದವನು ನಾನು, ಸ್ಟೋರಿನ ಬಾಗಿಲ ಮೇಲೆ ಕನ್ನಡದಲ್ಲೊಂದು ಇಂಗ್ಲಿಷಿನಲ್ಲೊಂದು ಬರೆದು ಅಂಟಿಸಿದವನು ನಾನು, ಹದಿಮೂರು ವರ್ಷ ಅದನ್ನ ಎಲ್ಲರ ತಲೆ ಮೇಲೆ ಹೇರಿದವನೂ ನಾನು. ಮುರಿದವರಲ್ಲಿ ಮೊದಲನೆಯವನೂ ನಾನೇ. ನನ್ನ ಹಿಂದೆ ತೋಟದ ಲೆಕ್ಕ ಬರೆಯೋ ರೈಟರ್ ಮುರಿದ, ಹಣ್ಣು ಆಯೋ ಹೆಂಗಸರು ಮುರಿದರು, ನಿಮ್ಮಜ್ಜಿ ಮುರಿದಳು. ಒಳಗಿಂದ ಕೇಳಿಸಿಕೊಳ್ತಾ ಇದಾಳೆ, ಕೇಳಿಸಿಕೊಳ್ಳಲಿ, ಅವಳ ಎದುರಿಗೇ ಹೇಳೋ ಮಾತು ಇದು. ಯಾರಿಗಾದರೂ ಉಪ್ಪಿನಕಾಯಿ ಕಟ್ಟಿಕೊಡೋ ಮುಂಚೆ ತಾತ ಯಾಕೆ ಅದರಲ್ಲೇ ಒಂದು ತುತ್ತು ಉಣ್ತಾರೆ ಅಂತ ನಗಾಡ್ತಿದ್ರಲ್ಲ ನೀವು, ಅದಕ್ಕೇ ಹೇಳ್ತಾ ಇರೋದು. ಕಾಲು ಮಡಚಿ ಸರಿಯಾಗಿ ಕೂತ್ಕೊಳ್ಳಿ.

ನಾನಾಗ ಸಕಲೇಶಪುರದ ಹತ್ತಿರ ದೋಣಿಗಲ್ ಕೆಳಗೆ ಒಂದು ಎಸ್ಟೇಟಿನಲ್ಲಿ ಮ್ಯಾನೇಜರ್. ಹಿಂದೆ ಎಲ್ಲಾ ತೋಟದಲ್ಲೂ ಕಾಫಿ ಗಿಡದ ಮಧ್ಯೆ ಕಿತ್ತಳೆ ಮರ ಇರ್ತಿದ್ದವು, ರೋಗ ಬಂದು ಒಂದೊಂದೇ ಒಣಗಿ ಹೋದವು, ನಮ್ಮಲ್ಲಿ ಹಳ್ಳದ ಪಕ್ಕದ ಬ್ಲಾಕಿನಲ್ಲಿ ಮೂವತ್ತು, ಅಲ್ಲ, ಮೂವತ್ತೈದು ಮರ ಉಳಿದಿದ್ದವು. ಪ್ರತಿ ವರ್ಷ ಕುಯ್ಲು ಜೋರಾಗೋ ಮುಂಚೆ ಆ ಹಣ್ಣಲ್ಲಿ ಮಾರ್ಮಲೇಡ್ ಮಾಡ್ತಿದ್ವಿ. ಜಾಮ್ ಅಲ್ಲ. ಜಾಮಿಗೆ ತಿರುಳು, ಮಾರ್ಮಲೇಡಿಗೆ ಸಿಪ್ಪೆ, ಇದನ್ನ ಗ್ಯಾಪಕ ಇಟ್ಕೊಳ್ಳಿ. ಸಿಪ್ಪೆಯ ಬಿಳಿ ನಾರು ಕೆರೆದು, ಕಡ್ಡಿ ಕಡ್ಡಿಯಾಗಿ ಹೆಚ್ಚಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಮಾರನೇ ದಿನ ರಸ ಸಕ್ಕರೆ ಸೇರಿಸಿ ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸೋದು. ಬೀಜ ಬಿಸಾಕಬಾರದು, ಬಟ್ಟೆಯಲ್ಲಿ ಗಂಟು ಕಟ್ಟಿ ಅದರೊಳಗೇ ಇಳಿಬಿಡಬೇಕು, ಪಾಕ ಹಿಡಿಯೋದು ಅದರಿಂದ. ಲೈನಿನ ಜನ, ಅಂದರೆ ತೋಟದ ಸಾಲುಮನೆಯ ಕೂಲಿಯವರು, ಮಾರ್ಮಲೇಡ್ ಅಂತಿರಲಿಲ್ಲ, ಸಿಪ್ಪೆ ಪಾಕ ಅಂತಿದ್ದರು. ಅದೇ ಒಳ್ಳೇ ಹೆಸರು. ಕೊಪ್ಪರಿಗೆಯಲ್ಲಿ ಕೈಯಾಡಿಸೋಳು ಸಣ್ಣಮ್ಮ ಅಂತ, ಕೂಲಿ ಲೈನಿನ ಕೊನೇ ಮನೆಯವಳು, ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ, ನನಗಿಂತ ಹತ್ತು ವರ್ಷಕ್ಕೆ ದೊಡ್ಡೋಳು. ನಾನು ಥರ್ಮಾಮೀಟರ್ ಹಿಡ್ಕೊಂಡು ನಿಂತಿರ್ತಿದ್ದೆ, ಇಂಗ್ಲಿಷ್ ಮೀಡಿಯಂ ಅಲ್ಲವಾ. ಅವಳು ಸೌಟಿಂದ ಒಂದು ಹನಿ ತಟ್ಟೆಗೆ ಬಿಟ್ಟು ಬೆರಳಲ್ಲಿ ತಳ್ಳಿ ನೋಡಿ, "ಇನ್ನೊಂದೀಟು ಹೊತ್ತು ಬುಡಿ ಸಾ, ಸುಕ್ಕು ಬಿದ್ದಿಲ್ಲ" ಅನ್ನೋಳು. ಪ್ರತಿ ಸಲ ಅವಳದೇ ಸರಿ. ಆ ಬಾಟ್ಲುಗಳು ತೋಟದ ಯಜಮಾನ ಸಾಹುಕಾರರ ನೆಂಟರ ಮನೆಗಳಿಗೆ, ಸ್ನೇಹಿತರ ಮನೆಗಳಿಗೆ ಹೋಗೋವು, ಲೈನಿನ ಪ್ರತಿ ಮನೆಗೂ ಒಂದೊಂದು. ಮಾರೋಕಲ್ಲ. ಅಂಗಡಿ ಸ್ವೀಟು ಯಾರು ಬೇಕಾದರೂ ಕೊಡ್ತಾರೆ, ಇದು ನಮ್ಮ ತೋಟದ್ದು ಅನ್ನೋ ಹೆಮ್ಮೆ.

ಆಮೇಲೆ ಕಾಫಿ ರೇಟು ಬಿದ್ದ ವರ್ಷಗಳು ಬಂದವು. ನಿಮಗೆ ಗೊತ್ತಿಲ್ಲ, ನಿಮ್ಮಪ್ಪನಿಗೆ ಗೊತ್ತು. ಕುಯ್ಯೋ ಕೂಲಿನೂ ಹುಟ್ಟಲ್ಲ ಅಂತ ಎಷ್ಟೋ ಜನ ಹಣ್ಣು ಗಿಡದಲ್ಲೇ ಬಿಟ್ಟರು. ಸಕಲೇಶಪುರದಲ್ಲಿ ಸಂತೆ ದಿನವೂ ಅಂಗಡಿಯವರು ನೊಣ ಹೊಡೀತಾ ಕೂರೋರು. ನಮ್ಮ ಸಾಹುಕಾರರಿಗೆ ಎರಡು ಎಸ್ಟೇಟು, ನಮ್ಮದೊಂದು, ಬಿಸಿಲೆ ಕಡೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಮ್ಯಾನೇಜರು. ಇನ್ನು ಮೇಲೆ ಎರಡಕ್ಕೂ ಒಬ್ಬನೇ ಅನ್ನೋ ಮಾತು ಗಾಳಿಯಲ್ಲಿತ್ತು. ಒಂದು ದಿನ ಮೈಸೂರಿಂದ ಬಂದರು, ಕಾಫಿ ಒಣಹಾಕೋ ಡ್ರೈಯಿಂಗ್ ಯಾರ್ಡಿನ ಕಟ್ಟೆ ಮೇಲೆ ನಿಂತ್ಕೊಂಡು, "ಮ್ಯಾನೇಜರ್ರೇ, ಮಗಳ ನಿಶ್ಚಿತಾರ್ಥ ಇಟ್ಕೊಂಡಿದೀವಿ. ಈ ಕಾಲದಲ್ಲಿ ದೊಡ್ಡ ಉಡುಗೊರೆ ಕೊಡೋ ಶಕ್ತಿ ಇಲ್ಲ, ಬಂದ ಮನೆಯವರಿಗೆಲ್ಲ ನಮ್ಮ ಕಿತ್ತಳೆ ಬಾಟ್ಲೇ ಕೊಡೋಣ ಅಂತ. ಅರವತ್ತು ಬೇಕು" ಅಂದರು. ನಾನು, "ಲೈನಿಗೆ ಸೇರಿಸಿಯೋ ಸರ್?" ಅಂದೆ. "ಲೈನಿಗೆ ಈ ವರ್ಷ ಬೇಡ. ಎಲ್ಲಾ ಮೈಸೂರಿಗೇ ಬರಲಿ." ಜೀಪು ಹತ್ತುವಾಗ ಇನ್ನೊಂದು ಮಾತು ಅಂದರು, "ಈ ಶಾಸ್ತ್ರ ಚೆನ್ನಾಗಿ ಮುಗೀಲಿ, ಆಮೇಲೆ ನಿಮ್ಮದು, ಬಿಸಿಲೆಯವರದು ಕೂತು ಮಾತಾಡೋಣ." ಅರ್ಥ ಆಯ್ತಲ್ಲ. ನಿಮ್ಮಪ್ಪ ಆಗ ಹತ್ತನೇ ಕ್ಲಾಸು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗ್ತದೆ. ನಲವತ್ತೇಳನೇ ವಯಸ್ಸಲ್ಲಿ ಇನ್ನೊಂದು ಎಸ್ಟೇಟಿಗೆ ಹೋಗಿ ಕೇಳೋಣ ಅಂದರೆ ಎಲ್ಲಾ ಕಡೆ ಜನಾನ ಬಿಡಿಸ್ತಾ ಇದ್ದಾರೆ.

ಹಣ್ಣೇನೋ ಚೆನ್ನಾಗೇ ಹಿಡಿದಿತ್ತು. ಆದರೆ ಅದೇ ವಾರ ಆ ಬ್ಲಾಕಿಗೆ ಕಾಂಡಕೊರಕ ಹುಳದ ಔಷಧಿ ಹೊಡೆಸಿದ್ದೆ, ಔಷಧಿ ಅಂದರೆ ವಿಷಾನೇ. ಕಾಫಿ ಗಿಡದ ಬುಡಕ್ಕೆ, ಕಾಂಡಕ್ಕೆ ಹೊಡೆಯೋದು, ಮೇಲಿನ ಕಿತ್ತಳೆಗೆ ತಾಗಲ್ಲ. ಮರದಲ್ಲಿದ್ದರೆ ತಾಗಲ್ಲ. ನಾಲ್ಕನೇ ದಿನಕ್ಕೆ ಗಾಳಿ ಎದ್ದಿತು, ನೋಡಿ, ಎರಡು ದಿನ ಬಿಡದೆ ಹೊಡೀತು, ಜೊತೆಗೆ ಜಿಟಿ ಜಿಟಿ ಮಳೆ. ಮೂರನೇ ದಿನ ಹೋಗಿ ನೋಡ್ತೀನಿ, ಮುಕ್ಕಾಲು ಪಾಲು ಹಣ್ಣು ನೆಲದ ಮೇಲೆ. ಕಾಫಿ ಕಾಂಡದಿಂದ ಇಳಿದ ನೀರು ಎಲ್ಲಿ ನಿಂತಿತ್ತೋ ಅಲ್ಲೇ, ಹುಲ್ಲಿನ ಮೇಲೆ, ಬಂಗಾರದ ಹಾಗೆ ಹೊಳೀತಾ ಬಿದ್ದಿದ್ದವು. ಮರದಲ್ಲಿ ಉಳಿದದ್ದು ಲೆಕ್ಕ ಹಾಕಿದರೆ ಹದಿನೈದು ಬಾಟ್ಲಿಗೂ ಸಾಲದು. ರೈಟರ್ ಪುಟ್ಟಸ್ವಾಮಿ ನನ್ನ ಪಕ್ಕದಲ್ಲಿ ನಿಂತಿದ್ದ. ಬಗ್ಗಿ ಒಂದು ಹಣ್ಣು ಎತ್ತಿ ಒತ್ತಿ ನೋಡಿದ. "ಸಿಪ್ಪೆ ಒಡೆದಿಲ್ಲ ಸಾರ್, ಗಟ್ಟಿಯಾಗೇ ಅವೆ" ಅಂದ. ನಾನು, "ತೊಳೆದರೆ?" ಅಂದೆ. ನೋಡಿ, ಕೇಳಿದವನು ನಾನು. "ತೊಳುದ್ರೆ ಹೋಯ್ತದೆ ಸಾರ್, ಎಲ್ಡು ಮೂರು ನೀರಲ್ಲಿ. ಆಮ್ಯಾಕೆ ಕುದುಸ್ತೀವಲ್ಲ." "ಆಯಿಸು" ಅಂದೆ. ಒಂದೇ ಪದ. ಔಷಧಿ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರ್ತಾರಲ್ಲ, ಇಷ್ಟು ವಾರ ತಿನ್ನೋ ಪದಾರ್ಥ ಮುಟ್ಟಬಾರದು ಅಂತ, ಆ ಎಸ್ಟೇಟಿನಲ್ಲಿ ಅದನ್ನ ಓದಬಲ್ಲವನು ನಾನೊಬ್ಬನೇ. ಓದಿಯೂ ಇದ್ದೆ. ಹೊಡೆಯೋ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕನ್ನಡದಲ್ಲಿ ಹೇಳಿಯೂ ಇದ್ದೆ.

ಮನೆಗೆ ಹಣ್ಣು ಬಂತು, ಆರು ಕುಕ್ಕೆ. ನಿಮ್ಮಜ್ಜಿ ಒಂದನ್ನ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ತೊಟ್ಟು ಕಿತ್ತದ್ದಲ್ಲ ಇದು, ಉದುರಿದ್ದು" ಅಂದಳು. ನಾನು ಪೇಪರ್ ನೋಡ್ತಾ ಕೂತಿದ್ದೆ. "ರೀ, ನಿಮ್ಮನ್ನೇ ಕೇಳಿದ್ದು." "ತೊಳೆಸಿದೀನಿ" ಅಂದೆ. "ತೊಳೆಸಿದ್ದು ಕಾಣ್ತದೆ. ನಾನು ಕೇಳಿದ್ದು ಬೇರೆ." ಆಗ ನಾನು ಪೇಪರ್ ಮಡಚಿಟ್ಟು, "ಮಾರ್ಚಿಗೆ ಅವನ ಪರೀಕ್ಷೆ. ಎಲ್ಲಿಂದ ಬರೆಸ್ತೀಯ, ಬಸ್ ಸ್ಟ್ಯಾಂಡಿಂದ ಬರೆಸ್ತೀಯ?" ಅಂದೆ. ಅವಳು ಈಳಿಗೆಮಣೆ ಎಳ್ಕೊಂಡು ಕೂತಳು. ಮೂರು ಜನ ಹೆಂಗಸರು ಜೊತೆಗೆ ಕೂತರು. ಬೇರೆ ವರ್ಷ ಆ ಕೆಲಸ ಅಂದರೆ ಹಾಡು, ನಗು, ಒಬ್ಬರು ಇನ್ನೊಬ್ಬರ ಸೊಸೆಯಂದಿರ ಮೇಲೆ ಚಾಡಿ. ಅವತ್ತು ಹೆಚ್ಚೋ ಸದ್ದು ಬಿಟ್ಟರೆ ಏನೂ ಇಲ್ಲ. ಇನ್ನೊಂದು ಹೇಳಬೇಕು, ಬೇರೆ ವರ್ಷ ಹೆಚ್ಚುವಾಗ ಎರಡು ತೊಳೆ ಬಾಯಿಗೆ ಹೋಗೋದು, ಯಾರೂ ಬೇಡ ಅಂತಿರಲಿಲ್ಲ. ಅವತ್ತು ಯಾರ ಬಾಯಿಗೂ ಹೋಗಲಿಲ್ಲ. ನಾನು ನೋಡ್ತಾ ಇದ್ದೆ, ನನಗೆ ಗೊತ್ತಾಗಲಿಲ್ಲ ಅಂತ ಹೇಳೋ ಹಾಗಿಲ್ಲ.

ಮಾರನೇ ಬೆಳಿಗ್ಗೆ ಸಣ್ಣಮ್ಮ ಬಂದಳು. ನೆನೆಸಿದ ಸಿಪ್ಪೆಯ ಹಂಡೆಗೆ ಕೈ ಹಾಕಿ, ಒಂದು ಹಿಡಿ ಎತ್ತಿ ಮೂಸಿ, ವಾಪಸ್ಸು ಬಿಟ್ಟಳು. ಒಲೆ ಮುಂದೆ ಕೂತಳು, ಉರಿ ಹಾಕಲಿಲ್ಲ. "ಯಾಕೆ ಸಣ್ಣಮ್ಮ, ಸೌದೆ ಹಸಿಯಾ?" ಅಂದೆ. "ಸೌದೆ ಒಣಿಕ್ಕಂಡೇ ಐತೆ ಸಾ." "ಮತ್ತೆ?" "ಇದು ಬಿದ್ದುದ್ದು." "ಹೌದು, ತೊಳೆಸಿದೀನಿ." ಅವಳು ತಲೆ ಎತ್ತದೇ ಹೇಳಿದಳು, "ಔಸ್ದಿ ಹೊಡೆಯೋ ದಿನ ನೀವೇ ಯೋಳಿದ್ರಿ ಸಾ, ಸೋಪು ಆಕಿ ಎಲ್ಡು ಸಲ ಕೈ ತೊಳೀದೆ ಯಾರೂ ಅನ್ನ ಮುಟ್‌ಬ್ಯಾಡಿ ಅಂತ. ಈ ಸಿಪ್ಪೆಗೆ ಸೋಪು ಆಕಿದ್ರಾ?" ನನಗೆ ಮೈ ಉರಿದು ಹೋಯ್ತು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರ್ತದೆ, ಬರೆದಿಟ್ಕೊಳ್ಳಿ. "ನಿನಗೇನು ತೊಂದರೆ? ಇದು ನಿಮ್ಮ ಲೈನಿಗೆ ಬರೋದಲ್ಲ. ಒಂದು ಬಾಟ್ಲೂ ಬರಲ್ಲ. ಎಲ್ಲಾ ಮೈಸೂರಿಗೆ" ಅಂದುಬಿಟ್ಟೆ. ಆ ಮಾತು ಬಾಯಿಂದ ಬಿದ್ದಮೇಲೆ ನನಗೇ ಕೇಳಿಸಿತು, ನಾನೇನಂದೆ ಅಂತ. ಅಂದರೆ ಏನು? ನಿನ್ನ ಕಡೆಯವರು ಸಾಯಲ್ಲ, ಬೇರೆಯವರು ತಾನೇ ಅಂತ. ಅವಳು ಈಗ ತಲೆ ಎತ್ತಿದಳು. "ತಿನ್ನೋ ಬಾಯಿ ಯಾರುದಾದ್ರೇನು ಸಾ" ಅಂದಳು. ಜೋರಾಗಿ ಅನ್ನಲಿಲ್ಲ. ಎದ್ದು ಸೆರಗು ಕೊಡವಿಕೊಂಡು ಹೊರಟಳು. ನಾನು ಹಿಂದಿನಿಂದ, "ಹೋಗೋದಾದ್ರೆ ನಾಳೆಯಿಂದ ಕೆಲಸಕ್ಕೂ ಬರಬೇಡ" ಅಂದೆ. ತಿರುಗಿ ನೋಡಲಿಲ್ಲ. ಎಲ್ಲಿಗೆ ಹೋಗ್ತಾಳೆ ಅವಳು, ಆ ಲೈನಿನ ಮನೆ ಬಿಟ್ಟರೆ ತಲೆ ಮೇಲೆ ಸೂರಿಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಪಾಕ ನಾನೇ ಕಾಯಿಸಿದೆ. ಥರ್ಮಾಮೀಟರ್ ಹಿಡಿದು, ಪುಸ್ತಕದಲ್ಲಿ ಇರೋ ಹಾಗೆ. ಚೆನ್ನಾಗೇ ಬಂತು, ಅದು ಇನ್ನೂ ಕೆಟ್ಟದ್ದು. ಅರವತ್ತು ಬಾಟ್ಲು, ಮೇಲೆ ಮೇಣ ಸುರಿದು, ಮುಚ್ಚಳ ಹಾಕಿ, ಬಟ್ಟೆ ಕಟ್ಟಿ, ಚೀಟಿ ಅಂಟಿಸಿ ಸ್ಟೋರಿನ ಮೇಜಿನ ಮೇಲೆ ಜೋಡಿಸಿದೆ. ಅದರಲ್ಲಿ ಒಂದೂ ಎಸ್ಟೇಟಿನ ಗೇಟು ದಾಟಲಿಲ್ಲ. ಗುಂಡಿ ತೋಡಿ ಹೂತೆವು. ಸಾಹುಕಾರರಿಗೆ ನಾನೇ ಬಾಯಿಬಿಟ್ಟು ಹೇಳಿದೆ, ಹೇಗೆ ಹೇಳೋ ಹಾಗಾಯ್ತು ಅನ್ನೋದು ಆಮೇಲೆ. ಅವರು ಕೂಗಾಡಲಿಲ್ಲ, "ಹೇಳಿದ್ದು ಒಳ್ಳೇದಾಯ್ತು" ಅಂದರು, ಸಣ್ಣಮ್ಮನ್ನ ಕೆಲಸದಿಂದ ತೆಗೀಬೇಡಿ ಅಂದರು, ಫೆಬ್ರವರಿಯಲ್ಲಿ ಎರಡೂ ಎಸ್ಟೇಟನ್ನ ಬಿಸಿಲೆಯವನಿಗೆ ಕೊಟ್ಟರು. ನನಗೆ ದೂರಿಲ್ಲ. ಕೆಲಸ ಹೋದದ್ದು ಹೇಳಿದ್ದಕ್ಕಲ್ಲ, ಮಾಡಿದ್ದಕ್ಕೆ. ಆಲೂರಿಗೆ ಬಂದ್ವಿ, ಎರಡು ಕೋಣೆಯ ಬಾಡಿಗೆ ಮನೆ, ಹಿಂದಿನ ಗೋಡೆ ಜಿನುಗೋದು. ನಿಮ್ಮಪ್ಪ ಪರೀಕ್ಷೆನ ಅಲ್ಲಿಂದ ದಿನಾ ಬಸ್ಸಲ್ಲಿ ಹೋಗಿ ಬರೆದ. ನಾನು ಬೆಳಿಗ್ಗೆ ಸಂಜೆ ಇಂಗ್ಲಿಷ್ ಗ್ರಾಮರ್ ಪಾಠ ಹೇಳಿದೆ, ಮ್ಯಾನೇಜರ್ ಆಗಿದ್ದವನು, ಬೇರೆಯವರ ಜಗಲಿ ಮೇಲೆ ಕೂತು. ಕೆಲವು ಮನೆಯವರು ದುಡ್ಡಿನ ಬದಲು ಅಕ್ಕಿ ಕೊಡೋರು, ತಗೊಂಡೆ. ನಿಮ್ಮಜ್ಜಿ ಹೇರಳೆಕಾಯಿ ಉಪ್ಪಿನಕಾಯಿ ಹಾಕಿ ಅಕ್ಕಪಕ್ಕದವರಿಗೆ ಕೊಡೋಳು, ಅವರು ತಿರುಗಿ ಸೊಪ್ಪು, ಹಾಲು ಕೊಡೋರು. ಮೂರು ವರ್ಷ ಹೀಗೇ. ರಾತ್ರಿ ಸಾರಿಗೆ ತೆಂಗಿನಕಾಯಿ ಹಾಕಿದ ದಿನ ಹಬ್ಬ. ಇದನ್ನ ಕಣ್ಣೀರು ಹಾಕಲಿ ಅಂತ ಹೇಳ್ತಾ ಇಲ್ಲ, ಇದ್ದದ್ದು ಹೀಗೆ. ಆ ಮೂರು ವರ್ಷದಲ್ಲಿ ನಾನು ಕಲಿತದ್ದು ಒಂದೇ ಮಾತು: ಕೊಡೋಕೆ ಏನೂ ಇಲ್ಲದಿದ್ದರೆ ಬರಿಗೈಯಲ್ಲಿ ಹೋಗಿ, ಅದರಲ್ಲಿ ಅವಮಾನ ಇಲ್ಲ, ನಮ್ಮ ಮನೆಯವರು ತಿನ್ನಕ್ಕೆ ಹೆದರೋದನ್ನ ಇನ್ನೊಬ್ಬರ ಮನೆಗೆ ಕಟ್ಟಿಕೊಡಬೇಡಿ.

ಹಾಂ, ಹೇಗೆ ಹೇಳೋ ಹಾಗಾಯ್ತು ಅಂದೆನಲ್ಲ. ಬಾಟ್ಲು ತಗೊಂಡು ಹೋಗಕ್ಕೆ ಸಾಹುಕಾರರು ಜೀಪಿನಲ್ಲಿ ಬಂದರು, ಹೆಂಡತಿಯೂ ಜೊತೆಗಿದ್ದರು. ಮೇಜಿನ ಮೇಲೆ ಬಿಸಿಲು ಬಿದ್ದು ಅರವತ್ತೂ ಬಾಟ್ಲು ಹೊಳೀತಾ ಇದ್ದವು, ಆ ಅಮ್ಮನವರಿಗೆ ಖುಷಿಯಾಯ್ತು. ನಮ್ಮಲ್ಲಿ ಒಂದು ಪದ್ಧತಿ ಇತ್ತು, ಹೇಳೋದೇ ಮರೆತೆ. ಮೊದಲನೇ ಬಾಟ್ಲನ್ನ ಕೊಪ್ಪರಿಗೆಯಲ್ಲಿ ಕೈಯಾಡಿಸಿದವಳೇ ತನ್ನ ಕೈಯಾರೆ ಕೊಡಬೇಕು, ನಾನು ಮಾಡಿದ್ದು, ಚೆನ್ನಾಗಿದೆ, ತಿನ್ನಿ ಅನ್ನೋ ಹಾಗೆ. ಈ ಸಲ ಅವಳು ಕೈಯಾಡಿಸಿಲ್ಲ ಅಂತ ಅಮ್ಮನವರಿಗೆ ಗೊತ್ತಿಲ್ಲ, ನಾನು ಹೇಳಿರಲಿಲ್ಲ. "ಸಣ್ಣಮ್ಮ ಎಲ್ಲಿ? ಕರೀರಿ" ಅಂದರು. ಪುಟ್ಟಸ್ವಾಮಿ ಹೋಗಿ ಕರ್ಕೊಂಡು ಬಂದ. ನಾನು ಒಂದು ಬಾಟ್ಲು ಎತ್ತಿ ಅವಳ ಮುಂದೆ ಹಿಡಿದೆ. ತಗೋ ಅಂತ ಕಣ್ಣಲ್ಲೇ ಬೇಡಿಕೊಂಡೆ, ಸುಳ್ಳು ಹೇಳಲ್ಲ, ಬೇಡಿಕೊಂಡೆ. ಅಮ್ಮನವರು ನಗ್ತಾ ಎರಡೂ ಕೈ ಮುಂದೆ ಚಾಚಿದ್ದರು. "ಕೊಡೇ ಸಣ್ಣಮ್ಮ, ಯಾಕೆ ನಿಂತೆ?" ಸಣ್ಣಮ್ಮ ಬಾಟ್ಲು ನೋಡಿದಳು, ಆ ಚಾಚಿದ ಕೈ ನೋಡಿದಳು. "ಇದು ನನ್ ಕೈದಲ್ಲ ಕಣವ್ವ. ಯಂಗೆ ಮಾಡುದ್ರು ಅಂತ ಸಾರೇ ಯೋಳ್ತಾರೆ" ಅಂದು, ತನ್ನ ಎರಡೂ ಕೈನ ಸೆರಗಿನೊಳಗೆ ಸುತ್ತಿಕೊಂಡು, ಅಲ್ಲೇ ನಿಂತಳು.