ಮೂರು ಸುತ್ತು ಖಾಲಿ ಬಾಗಿಲು

ಮೊದಲು ಈ ಆಲದ ಮರ ದಾಟುವ, ಆಮೇಲೆ ಹೇಳ್ತೇನೆ. ಹತ್ತಿರ ಬಾ, ಕೂಗಿ ಹೇಳೋ ಮಾತಲ್ಲ… ಹ್ಞಾಂ, ದಾಟಿತು. ನಗಬೇಡ ಮಾರಾಯ್ತಿ! ನಗೋದಾದ್ರೆ ನಾನು ಹೇಳೋದೇ ಇಲ್ಲ.

ನನ್ನ ಚಿಕ್ಕಮ್ಮನ ಮಗ ದಿನಕರ ಗೊತ್ತಲ್ಲ? ಶಿರಸಿ ಪೇಟೆಯಲ್ಲಿ ರಘುಪತಿ ಹೆಗಡೇರ ಬಟ್ಟೆ ಅಂಗಡಿಯಲ್ಲಿ ಬಾಗಿಲು ಕಾಯ್ತಿದ್ದ. ಅವನ ಹೆಂಡತಿ ಜ್ಯೋತಿ ಅದೇ ಅಂಗಡಿಯಲ್ಲಿ ಸೀರೆ ತೋರಿಸ್ತಿದ್ಲು. ಹೆಗಡೇರು ಹೊಸ ಕಟ್ಟಡಕ್ಕೆ ತಿರುಗೋ ಬಾಗಿಲು ಹಾಕಿಸಿದ್ರು. ದುಂಡಗಿನ ಗಾಜಿನ ಗೂಡು, ಒಳಗೆ ನಾಲ್ಕು ಗಾಜಿನ ರೆಕ್ಕೆ, ತಳ್ಳಿದ್ರೆ ಒಂದೇ ದಿಕ್ಕಿಗೆ ತಿರುಗ್ತದೆ. ರಸ್ತೆ ಧೂಳು ಒಳಗೆ ಬರೋದಿಲ್ಲ, ಏಸಿ ತಂಪು ಹೊರಗೆ ಹೋಗೋದಿಲ್ಲ, ಆಷಾಢದ ಗಾಳಿಗೆ ಧಡಾರ್ ಅಂತ ಬಡ್ಕೊಳ್ಳೋದಿಲ್ಲ. ಒಬ್ಬ ಹೊರಗೆ ಬರ್ತಿದ್ದ ಹಾಗೇ ಇನ್ನೊಬ್ಬ ಒಳಗೆ ಹೋಗ್ಬಹುದು, ಯಾರೂ ಯಾರಿಗೂ ತಾಗೋದಿಲ್ಲ. ಒಳ್ಳೇ ಬಾಗಿಲೇ, ಅಲ್ಲ ಅನ್ನೋದಿಲ್ಲ ನಾನು.

ಆದ್ರೆ ಮುಸ್ಸಂಜೆ ಲಕ್ಷ್ಮಿ ಬರೋ ಹೊತ್ತಿಗೆ ಬಾಗಿಲು ತೆಗೆದಿಡಬೇಕಲ್ಲ? ಇದನ್ನ ತೆಗೆಯೋದೂ ಇಲ್ಲ, ಹಾಕೋದೂ ಇಲ್ಲ! ಹೆಗಡೇರೇ ಉಪಾಯ ಹುಡುಕಿದ್ರು. “ದಿನಕರ, ದೀಪ ಹಚ್ಚಿದ ಮೇಲೆ ಮೂರು ಸುತ್ತು ಖಾಲಿ ತಿರುಗ್ಸು ಮಾರಾಯ. ‘ಒಳಗೆ ಬಾ ತಾಯಿ’ ಹೇಳು, ಸಾಕು.”

ಬರೋದು ಯಾರು ಅಂತ ನೋಡದೇ ಕರೆಯೋದು! ಎಂಥಾ ಬುದ್ಧಿವಂತಿಕೆ ನೋಡು.

ಹೋದ ವರ್ಷ ಒಂದು ಅಮಾವಾಸ್ಯೆ. ಗಿರಾಕಿ ಇಲ್ಲ, ಉಳಿದವರೆಲ್ಲ ಬೇಗ ಮನೆಗೆ ಹೋಗಿದ್ರು. ಜ್ಯೋತಿ ಒಬ್ಬಳೇ ಹಿಂದೆ ಸೀರೆ ಮಡಚ್ತಿದ್ಲು. ಇವನು ಒಳಗೆ ನಿಂತು ತಿರುಗಿಸಿದ. ಸರ್ರ್… ಒಂದು. ಸರ್ರ್… ಎರಡು. ಮೂರನೇದು ಭಾರ ಆಗಿ ಅರ್ಧಕ್ಕೆ ನಿಂತಿತು. ಎಂತ ಸಿಕ್ಕಿಕೊಂಡಿದೆ ಅಂತ ಗೂಡಿನೊಳಗೆ ಕಾಲಿಟ್ಟು ಎರಡು ಹೆಜ್ಜೆ ತಳ್ಳಿದ, ಅಷ್ಟೇ.

ಠಕ್… ಕರೆಂಟ್ ಹೋಯ್ತು.

ರಸ್ತೆಯಲ್ಲಿ ಒಂದು ಬೈಕ್ ಹಾದುಹೋಯ್ತಂತೆ. ಅದರ ಬೆಳಕಿಗೆ ಕಂಡಿದ್ದು… ಎದುರಿನ ರೆಕ್ಕೆ ಆಚೆ, ಒಳಗೆ ಬರೋ ಬದಿಯಲ್ಲಿ, ಒಬ್ಬಳು ಹೆಂಗಸು.

“ಕರೆದ್ಯಲ್ಲ… ತಳ್ಳು,” ಅಂದ್ಲಂತೆ.

ಇವನು ಹೊರಗೆ ಹೋಗ್ಬೇಕಾದ್ರೆ ಅವಳು ಒಳಗೆ ಹೋಗ್ಬೇಕು. ಒಳಗೆ ಜ್ಯೋತಿ ಇದ್ದಾಳೆ. ಹಿಂದಕ್ಕೆ ತಿರುಗೋ ಬಾಗಿಲೂ ಅಲ್ಲ ಅದು. ಅಯ್ಯೋ ದೇವರೇ, ಏನು ಮಾಡ್ತಾನೆ ಹೇಳು? ಕಾಲು ಊರಿ, ಗಾಜಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಅವಳು ಮೆಲ್ಲಗೆ ತಳ್ತಾಳೆ, ಅಂಚಿನ ರಬ್ಬರು ಕುಂಯ್… ಅಂತದೆ. ಇವನು ಬಿಡೋದಿಲ್ಲ. ಫೋನು ಒಳಗೆ ಗಲ್ಲಾಪೆಟ್ಟಿಗೆ ಮೇಲೆ. ಹೊರಗೆ ಜನ ಓಡಾಡ್ತಿದ್ದಾರೆ, ಕೂಗಿದ್ರೆ ಒಬ್ಬರೂ ತಿರುಗೋದಿಲ್ಲ. ಅರ್ಧ ಗಂಟೆ ಹಾಗೇ ನಿಂತಿದ್ದ.

ಆಮೇಲೆ ಜ್ಯೋತಿ ಮೇಣದಬತ್ತಿ ಹಿಡ್ಕೊಂಡು ಬಂದ್ಲು.

“ಏನ್ರೀ, ಸಿಕ್ಕಿಹಾಕ್ಕೊಂಡ್ರಾ?” ಅಂತ ಗಾಜಿನಾಚೆ ಬಾಯಾಡಿಸಿದ್ಲು.

“ತಳ್ಬೇಡ! ಜ್ಯೋತಿ, ತಳ್ಬೇಡ!”

ಗಾಜು ದಪ್ಪ, ಅವಳಿಗೆ ಕೇಳಲಿಲ್ಲ. ಗಂಡ ಒದ್ದಾಡೋದು ಕಂಡು ಎರಡೂ ಕೈಯಲ್ಲಿ ತಳ್ಳಿಬಿಟ್ಲು. ಮೇಣದಬತ್ತಿ ಆರಿತು. ಸರ್ರ್… ಇವನು ರಸ್ತೆಗೆ ಬಿದ್ದ. ಮತ್ತೆ ಸರ್ರ್… ಹಿಂದೆಯೇ ಜ್ಯೋತಿಯೂ ಹೊರಗೆ ಬಂದ್ಲು. ಇವನು ತಿರುಗಿ ನೋಡಲಿಲ್ಲ, ಅವಳ ಕೈ ಹಿಡ್ಕೊಂಡು ಮನೆ ತನಕ ಓಡಿದ. ಬಚಾವಾದ್ವಿ ಅಂತ ಜಗಲಿ ಮೇಲೆ ಕೂತು ಅತ್ತ.

ಮರುದಿನ ಕೆಲಸ ಬಿಡ್ತೇನೆ ಅಂತ ಹೇಳೋಕೆ ಹೋದ. ಅಂಗಡಿಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗ್ಬೇಕು. ಅಲ್ಲಿ ಜ್ಯೋತಿ ಚಪ್ಪಲಿ ಹಾಗೇ ಇತ್ತು. ಅವನೇ ಹೋದ ವಾರ ತೆಗೆಸಿಕೊಟ್ಟಿದ್ದು. ಮನೆಗೆ ತಂದು ಅವಳ ಮುಂದಿಟ್ಟ.

“ಯಾರದ್ರೀ ಇದು?” ಅಂದ್ಲು.

ನಾನು ಅಲ್ಲೇ ಕೂತಿದ್ದೆ, ನನ್ನಾಣೆ. ಅವಳು ಕಾಲಿಟ್ಟು ನೋಡಿದ್ಲು. ಹಿಮ್ಮಡಿ ಎರಡು ಬೆರಳಷ್ಟು ಹೊರಗೇ ಉಳೀತು.