ಪೆಟ್ರೋಲ್ ಟ್ಯಾಂಕಿನ ಮೇಲೆ ಮೂಡಿದ ಕೈಗುರುತಿನ ಬಗ್ಗೆ

ಹೆಸರು: ಸಿದ್ದರಾಮಪ್ಪ ದಾನಪ್ಪ ಗಾಣಿಗೇರ. ವಯಸ್ಸು: 63 ವರ್ಷ. ಉದ್ಯೋಗ: ಭಾಯಖಳಾದ ಒಂದು ಮೋಟಾರು ಕಾರ್ಖಾನೆಯಲ್ಲಿ 31 ವರ್ಷ ಪೇಂಟರ್ ಆಗಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ವಿದ್ಯೆ: ಕನ್ನಡ ಮೂರನೇ ಇಯತ್ತೆ. ಮೂಲ ಊರು: ವಿಜಾಪುರ ಜಿಲ್ಲೆ, ತಾಳಿಕೋಟಿ. ಈಗಿನ ವಾಸ: ಮುಂಬಯಿ, ವಡಾಲ, ಬಂದರಿನ ಹಾದಿಯ ಚಾಳ, ಎರಡನೇ ಮಾಳಿಗೆ, ಖೋಲಿ ನಂಬರ್ 23.

ನನಗೆ ಮರಾಠಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಆದ್ದರಿಂದ ನಮ್ಮ ಕಡೆಯವರೇ ಆದ ಶಿಪಾಯಿ ನೀಲಕಂಠಪ್ಪ ಇವರ ಎದುರು ಕೂತು ಕನ್ನಡದಲ್ಲಿ ಬರೆಸುತ್ತಿರುವುದು ಏನಂದರೆ:

ಇದು ನನ್ನ ಎರಡನೇ ಹೇಳಿಕೆ. ಮೊದಲನೆಯದನ್ನು ಇದೇ ಅಕ್ಟೋಬರ್ 9, ರವಿವಾರ, ಸಂಜೆ ಐದೂಕಾಲಿಗೆ ಇದೇ ಠಾಣೆಯಲ್ಲಿ ಕೊಟ್ಟೆ. ನನ್ನ ಪಕ್ಕದ ಖೋಲಿ ನಂಬರ್ 24ರಲ್ಲಿರುವ ಕೊರಗಪ್ಪ ಎಂಬವನು ಕದ್ದ ಫಟ್‌ಫಟಿಯ, ಅಂದರೆ ಮೋಟಾರ್ ಸೈಕಲ್ಲಿನ, ಬಣ್ಣ ಕಿತ್ತು ಬೇರೆ ಬಣ್ಣ ಹೊಡೆಯುತ್ತಿದ್ದಾನೆ ಎಂದು ಅದರಲ್ಲಿ ಹೇಳಿದ್ದೆ. ಹೇಳಿದ್ದರಲ್ಲಿ ಸುಳ್ಳು ಸೇರಿಸಿಲ್ಲ. ಹೇಳದೆ ಬಿಟ್ಟದ್ದು ಇದೆ. ಅದನ್ನು ಈಗ ಬರೆಸುತ್ತೇನೆ. ನಾನು ಹೇಳುವ ಹೊತ್ತುಗಳೆಲ್ಲ ಕಾರ್ಖಾನೆಯವರು ಕೊಟ್ಟ ಗಡಿಯಾರದ ಪ್ರಕಾರ. ಅದು ಎರಡು ನಿಮಿಷ ಮುಂದೆ ಓಡುತ್ತದೆ. ಆ ಎರಡು ನಿಮಿಷ ಕಳೆದೇ ಹೇಳುತ್ತಿದ್ದೇನೆ.

ಕೊರಗಪ್ಪನ ವಯಸ್ಸು ಮೂವತ್ತನಾಲ್ಕರ ಆಸುಪಾಸು. ಮಂಗಳೂರ ಕಡೆಯವನು. ಮಾಟುಂಗಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಹೆಂಡತಿ ವಾರಿಜಾ. ಅವರ ಖೋಲಿ ಹೋಟೆಲ್ ಮಾಲೀಕರ ಹೆಸರಿನಲ್ಲಿದೆ. ಕೆಲಸ ಹೋದರೆ ಖೋಲಿಯೂ ಹೋಗುತ್ತದೆ. ನನ್ನ ಬಾಗಿಲಿನಿಂದ ಅವನ ಬಾಗಿಲಿಗೆ ಒಂಬತ್ತು ಅಡಿ. ಅವನ ಬಾಗಿಲಾಚೆ ಗ್ಯಾಲರಿ ಮುಗಿಯುತ್ತದೆ. ಆ ಕೊನೆಯ ಮೂಲೆಗೆ ಅವನು ಸಪ್ಟೆಂಬರ್ ತಿಂಗಳಲ್ಲಿ ಗೋಣಿತಟ್ಟಿನ ಪರದೆ ಕಟ್ಟಿದ. ಗ್ಯಾಲರಿ ಎಲ್ಲರದು. ಪರದೆ ಯಾಕೆ ಎಂದು ಕೇಳಿದೆ. ಗಾಳಿಗೆ ಧೂಳು ಬರುತ್ತದೆ ಎಂದ. ನಮ್ಮ ಗ್ಯಾಲರಿಯಲ್ಲಿ ಗಾಳಿಯೇ ಬರುವುದಿಲ್ಲ. ಅವತ್ತಿನಿಂದ ನಾನು ಅವನ ಮೇಲೆ ಕಣ್ಣಿಟ್ಟೆ.

ಒಂದೊಂದು ರಜೆಯ ದಿನವೂ ಮುಲುಂಡಿನ ಕಡೆಯಿಂದ ಲೋಕಲಿನಲ್ಲಿ ಚೀಲದ ತುಂಬ ಕಬ್ಬಿಣದ ಸಾಮಾನು ತರುತ್ತಿದ್ದ. ಮೆಟ್ಟಿಲ ಮೇಲೆ ಚೀಲ ಸದ್ದು ಮಾಡದಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಏರುತ್ತಿದ್ದ. ಸರಿಯಾದ ಸಾಮಾನಾದರೆ ಹೀಗೆ ಅಪ್ಪಿಕೊಳ್ಳುವುದು ಯಾಕೆ. ಪರದೆಯ ಹಿಂದೆ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೆರೆಯುವ ಸದ್ದು. ಕಾಸ್ಟಿಕ್ ಸೋಡಾದ ವಾಸನೆ. ಕಾರ್ಖಾನೆಯಲ್ಲಿ ಹಳೆಯ ಬಣ್ಣ ಕೀಳಲು ನಾವೂ ಅದನ್ನೇ ಬಳಸುತ್ತಿದ್ದೆವು.

ಅಕ್ಟೋಬರ್ 2ನೇ ತಾರೀಕು ಮಾಟುಂಗಾದಲ್ಲಿ ಒಬ್ಬ ಡಾಕ್ಟರರ ಫಟ್‌ಫಟಿ ಕಳುವಾಯಿತು. ಕರಿಯ ಬಣ್ಣ, ಟ್ಯಾಂಕಿನ ಎರಡೂ ಪಕ್ಕ ಬಂಗಾರದ ಗೆರೆ. ನಲ್ಲಿಯ ಹತ್ತಿರ ಎಲ್ಲರೂ ಇದನ್ನೇ ಮಾತಾಡುತ್ತಿದ್ದರು. 4ನೇ ತಾರೀಕು ಮಂಗಳವಾರ ಕೊರಗಪ್ಪ ಪೆಟ್ರೋಲ್ ಟ್ಯಾಂಕು ತಂದ. ಚೀಲದ ಉಬ್ಬು ನೋಡಿದರೆ ಗೊತ್ತಾಗುತ್ತದೆ.

6ನೇ ತಾರೀಕು ಗುರುವಾರ ಮೂರೂ ಹತ್ತಕ್ಕೆ ಅವನು ಮಡ್‌ಗಾರ್ಡುಗಳಿಗೆ ಅಸ್ತರು ಹೊಡೆದ. ಅಸ್ತರು ಎಂದರೆ ಬಣ್ಣದ ಕೆಳಗೆ ಹೊಡೆಯುವ ಮೊದಲ ಲೇಪ, ಇಟ್ಟಿಗೆ ಕೆಂಪು ಇರುತ್ತದೆ. ಹೊಡೆದದ್ದು ತಿಗಣೆಗೆ ಔಷಧ ಹೊಡೆಯುವ ಕೈಪಂಪಿನಿಂದ. ಆ ಪಂಪಿನಿಂದ ಹೊಡೆದರೆ ಅರ್ಧ ಸಾಮಾನಿಗೆ, ಅರ್ಧ ಊರಿಗೆ. ಹಗ್ಗದ ಮೇಲೆ ನನ್ನ ಧೋತರ ಇತ್ತು, ದಸರಾಕ್ಕೆ ಎಂದು ಒಗೆಸಿ ಹಾಕಿದ್ದು. ಅದರ ತುಂಬ ಕೆಂಪು ಚುಕ್ಕೆ. ನಾನು ಬಾಯಿಗೆ ಬಂದಂತೆ ಬೈದೆ. ಅದನ್ನು ಬರೆಸುವುದಿಲ್ಲ, ಹೆಂಗಸರು ಕೇಳುವಂಥದ್ದಲ್ಲ. ಅವನು ಪಂಪು ಕೆಳಗಿಟ್ಟು, ಒಗೆಸಿಕೊಡುತ್ತೇನೆ ಎಂದ. ಆಮೇಲೆ ಇಷ್ಟು ಸೇರಿಸಿದ: "ಯಜಮಾನ್ರೆ, ಚುಕ್ಕೆ ಎಲ್ಲ ಒಂದೇ ಅಳತೆಯಲ್ಲಿ ಬಿದ್ದಿದೆಯಾ ನೋಡಿ. ಬಿದ್ದಿದ್ರೆ ನನ್ನ ಕೈ ಸರಿ ಉಂಟು ಅಂತ."

ಗ್ಯಾಲರಿಯಲ್ಲಿದ್ದ ಮೂರು ಜನ ನಕ್ಕರು. ನಾನು ನಗಲಿಲ್ಲ. ಚುಕ್ಕೆಗಳು ಒಂದೇ ಅಳತೆಯಲ್ಲಿದ್ದವು.

9ನೇ ತಾರೀಕು ರವಿವಾರ ಮಧ್ಯಾಹ್ನ ಎರಡು ಗಂಟೆಗೆ ಹೋಟೆಲಿನಿಂದ ಆಳು ಬಂದು ಕೊರಗಪ್ಪನನ್ನು ಅವಸರದಿಂದ ಕರೆದುಕೊಂಡು ಹೋದ. ವಾರಿಜಾ ಕೆಳಗೆ ನಲ್ಲಿಯಲ್ಲಿದ್ದಳು. ನನ್ನ ಹೆಂಡತಿ ಅಂಬವ್ವ ಮಲಗಿದ್ದಳು. ಎರಡೂ ಇಪ್ಪತ್ತಕ್ಕೆ ನಾನು ಆ ಪರದೆ ಎತ್ತಿ ಒಳಗೆ ಹೋದೆ. ಮೊದಲ ಹೇಳಿಕೆಯಲ್ಲಿ ಪರದೆಯ ಸಂದಿಯಿಂದ ನೋಡಿದೆ ಎಂದು ಬರೆಸಿದ್ದೆ. ಸಂದಿಯಿಂದಲೂ ನೋಡಿದ್ದು ನಿಜ. ಒಳಗೆ ಹೋದದ್ದನ್ನು ಬಿಟ್ಟಿದ್ದೆ.

ಒಳಗೆ ಎರಡು ಬಿಸ್ಕೀಟು ಡಬ್ಬಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಟ್ಯಾಂಕು. ಮೇಲೆ ತೊಳೆದ ಪಂಚೆ ಹೊದಿಸಿತ್ತು. ಪಂಚೆ ಸರಿಸಿದೆ. ಒಂದು ಚೂರು ಬಣ್ಣವಿಲ್ಲ. ಪೂರಾ ಬರೀ ಲೋಹ, ಮುಖ ಕಾಣುವಷ್ಟು ಹೊಳಪು. ಪೆಟ್ರೋಲಿನಲ್ಲಿ ಒರೆಸಿ ಆಗಷ್ಟೇ ಇಟ್ಟಿದ್ದ, ವಾಸನೆ ಇನ್ನೂ ಇತ್ತು. ಪಕ್ಕದಲ್ಲಿ ಅಸ್ತರು ಕಲಸಿ ಮುಚ್ಚಿಟ್ಟಿದ್ದ. ನನಗೆ ಅನ್ನಿಸಿದ್ದು ಇಷ್ಟೇ. ಮನೆಯಲ್ಲಿ ಬಣ್ಣ ಹೊಡೆಯುವವರು ಹಳೆಯ ಬಣ್ಣದ ಮೇಲೆ ಪಾಲಿಶ್ ಕಾಗದ ಆಡಿಸಿ ಹೊಸದು ಹೊಡೆಯುತ್ತಾರೆ. ಲೋಹ ಕಾಣುವ ತನಕ ಕೆರೆಯುವ ತಾಪತ್ರಯ ಯಾರಿಗೂ ಬೇಡ. ಕೆರೆದಿದ್ದಾನೆ ಎಂದರೆ ಮೊದಲಿನ ಬಣ್ಣ ಯಾರ ಕಣ್ಣಿಗೂ ಬೀಳಬಾರದು. ಟ್ಯಾಂಕು ಎತ್ತಿ ಕೆಳಗೆ ನೋಡೋಣವೆಂದು ಬಲಗೈ ಅದರ ಬೆನ್ನ ಮೇಲೆ ಇಟ್ಟೆ. ಕೆಳಗೆ ವಾರಿಜಾಳ ಕೊಡದ ಸದ್ದಾಯಿತು. ಎತ್ತಲಿಲ್ಲ. ಪಂಚೆ ಹೊದಿಸಿ ಹೊರಗೆ ಬಂದೆ. ಒಳಗಿದ್ದದ್ದು ಮೂರು ನಿಮಿಷ. ಅಲ್ಲಿಂದ ನೇರ ಠಾಣೆಗೆ ಬರದೆ, ಚಹಾ ಕುಡಿದು, ಹೇಳುವುದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಐದೂಕಾಲಿಗೆ ಬಂದೆ.

ಇಲ್ಲಿ ಒಂದು ಮಾತು ಹೇಳಬೇಕು. ಬರೀ ಲೋಹಕ್ಕೆ ಬರಿಗೈ ಮುಟ್ಟಿಸಬಾರದು. ಕೈಯ ಬೆವರು ಹತ್ತಿದ ಕಡೆ ಮಾರನೆಯ ದಿನ ಬೆರಳಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಈ ಊರಿನ ಹವೆಯಲ್ಲಿ ಒಂದು ರಾತ್ರಿ ಸಾಕು. ಕಾರ್ಖಾನೆಯಲ್ಲಿ ಹಾಗೆ ಮುಟ್ಟಿದವರ ಬೆನ್ನಿಗೆ ನಾನು ಹೊಡೆದಿದ್ದೇನೆ. ಮೂವತ್ತೊಂದು ವರ್ಷ ಹೇಳಿದ್ದು ಅದೊಂದೇ ಮಾತು. ಅವತ್ತು ನಾನೇ ಮುಟ್ಟಿದೆ.

10ನೇ ತಾರೀಕು ಸೋಮವಾರ ಬೆಳಗಿನ ಏಳೂ ಇಪ್ಪತ್ತಕ್ಕೆ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಇಬ್ಬರು ಶಿಪಾಯಿಗಳೊಂದಿಗೆ ಬಂದರು. ಪಂಚೆ ತೆಗೆದರು. ಟ್ಯಾಂಕಿನ ಬೆನ್ನ ಮೇಲೆ ಕಂದು ತುಕ್ಕಿನ ಒಂದು ಇಡೀ ಕೈ. ಬಲಗೈ. ತೋರುಬೆರಳು ಎರಡು ಗೆಣ್ಣು ಮೊಟಕು. ನನ್ನ ತೋರುಬೆರಳು 1938ರಲ್ಲಿ ತಗಡು ಕತ್ತರಿಸುವ ಯಂತ್ರಕ್ಕೆ ಹೋಗಿದೆ. ಆಮೇಲೆ ಸ್ಪ್ರೇ ಗನ್ನನ್ನು ನಡುಬೆರಳಿನಲ್ಲಿ ಒತ್ತುವುದು ಕಲಿತೆ. ಇದು ಚಾಳಿಗೆಲ್ಲ ಗೊತ್ತು. ಸಾಹೇಬರಿಗೆ ಗೊತ್ತಿರಲಿಲ್ಲ.

ಅವರು ಕೊರಗಪ್ಪನ ಕೈ ಹಿಡಿದು ಗುರುತಿನ ಪಕ್ಕ ಇಟ್ಟು ನೋಡಿದರು. ತಾಳೆಯಾಗಲಿಲ್ಲ. ಹಾಗಾದರೆ ಈ ಬೆರಳು ಮೊಟಕಿನವನು ನಿನ್ನ ಜೊತೆಗಾರ, ಕದ್ದು ತಂದು ಕೊಟ್ಟವನು ಅವನೇ, ಹೆಸರು ಹೇಳು ಎಂದರು. ಕೊರಗಪ್ಪ ಆ ಗುರುತನ್ನು ಬಹಳ ಹೊತ್ತು ನೋಡಿದ. ಆಮೇಲೆ ಗ್ಯಾಲರಿಯಲ್ಲಿ ನಿಂತ ಜನರನ್ನು ನೋಡಿದ. ನಾನು ನಾಲ್ಕನೆಯವನಾಗಿ ನಿಂತಿದ್ದೆ, ಬಲಗೈ ಕೋಟಿನ ಜೇಬಿನಲ್ಲಿತ್ತು. ಅಕ್ಟೋಬರಿನ ಬಿಸಿಲಿಗೆ ನಾನು ಕೋಟು ಹಾಕುವವನಲ್ಲ. ಗೊತ್ತಿಲ್ಲ ಸಾಹೇಬರೆ ಎಂದು ಅವನು ಹೇಳಿದ. ಅವನನ್ನೂ ಸಾಮಾನುಗಳನ್ನೂ ತೆಗೆದುಕೊಂಡು ಹೋದರು. ಅವನು ತೋರಿಸಿದ ಖರೀದಿ ಚೀಟಿಯಲ್ಲಿ ಮುಲುಂಡಿನ ಒಂದು ಗ್ಯಾರೇಜಿನ ಹೆಸರಿತ್ತು, ಬಣ್ಣದ ವಿಷಯ ಇರಲಿಲ್ಲ. ಸಾಹೇಬರು ಅದನ್ನು ನಂಬಲಿಲ್ಲ. ನಾನೂ ನಂಬಲಿಲ್ಲ. ಚೀಟಿ ಯಾರು ಬೇಕಾದರೂ ಬರೆದುಕೊಡಬಹುದು. ಗೊತ್ತಿದ್ದೂ ಗೊತ್ತಿಲ್ಲ ಎಂದನಲ್ಲ, ಅದರಲ್ಲಿ ಏನು ಹಂಚಿಕೆ ಇದೆ ಎಂದು ಅವತ್ತೆಲ್ಲ ಯೋಚಿಸಿದೆ.

11ನೇ ತಾರೀಕು ಮಂಗಳವಾರ ಸಂಜೆ ಆರು ಗಂಟೆಗೆ ವಾರಿಜಾ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನ ಧೋತರ. ಸೀಮೆಎಣ್ಣೆಯಲ್ಲಿ ತಿಕ್ಕಿ, ಒಗೆದು, ಮಡಚಿ ತಂದಿದ್ದಳು. ಒಳಗೆ ಬರಲಿಲ್ಲ. ಅಂಬವ್ವನ ಹತ್ತಿರ ಮಾತಾಡಿದಳು. ನಾನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದೆ, ನಿದ್ದೆ ಬಂದಿರಲಿಲ್ಲ. ಅವಳು ಹೇಳಿದ್ದು ಹೀಗೆ. ಫಟ್‌ಫಟಿ ಪಟಾಲಮ್ಮಿನವರು, ಅಂದರೆ ಮಿಲಿಟರಿಯವರು, ಹರಾಜು ಹಾಕಿದ್ದು, ಗ್ಯಾರೇಜಿನವರು ಬಿಡಿ ಬಿಡಿಯಾಗಿ ಮಾರಿದ್ದು. ದಸರಾಕ್ಕೆ ಪೂಜೆ ಮಾಡಿ, ಅದಕ್ಕೆ ಪೆಟ್ಟಿಗೆ ಕಟ್ಟಿ, ಬಾಂದ್ರಾದ ಆಫೀಸುಗಳಿಗೆ ಊಟ ಒಯ್ಯುವ ಸ್ವಂತ ಕೆಲಸ ಹಿಡಿಯಬೇಕೆಂದು ಇಬ್ಬರೂ ಅಂದುಕೊಂಡಿದ್ದರು. ಹೋಟೆಲ್ ಮಾಲೀಕರಿಗೆ ಮೊದಲೇ ತಿಳಿದರೆ ಖೋಲಿ ಬಿಡಿಸುತ್ತಾರೆ ಎಂದು ಪರದೆ ಕಟ್ಟಿದ್ದು. ಈಗ ಪೊಲೀಸ್ ಸುದ್ದಿ ಅವರಿಗೆ ಮುಟ್ಟಿದೆ. ಬುಧವಾರ ಸಂಜೆಯೊಳಗೆ ಬಿಡುಗಡೆಯಾಗಿ ಬರದಿದ್ದರೆ ಕೆಲಸವೂ ಇಲ್ಲ, ಖೋಲಿಯೂ ಇಲ್ಲ ಎಂದು ಆಳಿನ ಕೈಲಿ ಹೇಳಿ ಕಳಿಸಿದ್ದಾರೆ.

ಇಷ್ಟು ಕೇಳಿಯೂ ನಾನು ತಿರುಗಲಿಲ್ಲ. ಕಳ್ಳನ ಹೆಂಡತಿಗೂ ಇಂಥ ಕತೆ ಹೇಳಲು ಬರುತ್ತದೆ. ಆಗ ಅವಳು ಸ್ವಲ್ಪ ದನಿ ಎತ್ತಿ, ನನಗೆ ಕೇಳಲೆಂದೇ ಹೇಳಿದಳು: "ಶ್ರಾವಣದಲ್ಲಿ ನಲ್ಲಿ ಹತ್ರ ಇವರು ಬಣ್ಣ ಹೊಡೆಯುದು ಹೇಗೆ ಅಂತ ಅಜ್ಜನನ್ನು ಕೇಳಿದ್ದು ನೆನಪುಂಟಾ ಅಜ್ಜಿ? ಹಳೇ ಬಣ್ಣದ ಮೇಲೆ ಬಣ್ಣ ಬಳಿಯುವವ ಪೇಂಟರ್ ಅಲ್ಲ, ಗೋಡೆಗೆ ಸುಣ್ಣ ಹೊಡೆಯುವವ, ಲೋಹ ಕಾಣುವಷ್ಟು ಕೆರೆ ಅಂತ ಅಜ್ಜ ಬೈದಿದ್ರು. ಅದಕ್ಕೇ ಸಾಮಾನೆಲ್ಲ ಸೇರಿ ಹನ್ನೊಂದು ದಿನ ಕೆರ್ದದ್ದು. ಸೋಡಾಕ್ಕೆ ಉಗುರು ಎಲ್ಲ ಹೋಗಿದೆ."

ಅದು ನನಗೆ ಮರೆತಿತ್ತು. ಅವಳು ಹೇಳಿದ ಮೇಲೆ ನೆನಪಾಯಿತು. ನಾನು ಹೇಳಿದ ಮಾತೇ. ಬಕೆಟ್ಟು ತುಂಬುವವರೆಗೆ ನನ್ನ ಎದುರು ನಿಂತು, ಕೆರೆದ ಮೇಲೆ ಏನು, ಒರೆಸುವುದು ಯಾವುದರಲ್ಲಿ ಎಂದು ಕೇಳಿದವನು ಇವನೇ. ಕಾರ್ಖಾನೆ ಬಿಟ್ಟ ಮೇಲೆ ನನ್ನನ್ನು ಕೆಲಸದ ಮಾತು ಕೇಳಿದವನು ಇವನೊಬ್ಬ. ನಾನು ಹೇಳಿದ್ದನ್ನು ಅವನು ಹೇಳಿದಂತೆಯೇ ಮಾಡಿದ. ಅದನ್ನೇ ಹಿಡಿದು ನಾನು ಕಳ್ಳ ಎಂದೆ.

ಗುರುತು ಯಾರದೆಂದು ನಿನ್ನ ಗಂಡನಿಗೆ ತಿಳಿಯಲಿಲ್ಲವೇ ಎಂದು ಅಂಬವ್ವ ಕೇಳಿದಳು. ತಿಳಿಯಿತು, ಹೇಳುವುದಿಲ್ಲ ಎಂದರು, ಹಿರಿಯರನ್ನು ಚಾಳಿನವರ ಮುಂದೆ ಪೊಲೀಸರು ಕೈ ಹಿಡಿದು ನೋಡುವುದು ಬೇಡ ಎಂದರು ಎಂದು ಹೇಳಿ ವಾರಿಜಾ ಹೋದಳು. ಅಂಬವ್ವ ಧೋತರವನ್ನು ನನ್ನ ತಲೆದಿಂಬಿನ ಪಕ್ಕ ಇಟ್ಟು ಇಷ್ಟೇ ಅಂದಳು: "ಆ ಕೋಟ ಇನ್ನ ಎಷ್ಟ ದಿನಾ ಹಾಕ್ಕೋತೀರಿ?"

ಇವತ್ತು ಬೆಳಗ್ಗೆ ಎಂಟೂ ನಲವತ್ತಕ್ಕೆ ಕೋಟಿಲ್ಲದೆ ಠಾಣೆಗೆ ಬಂದೆ. ಟ್ಯಾಂಕು ತೋರಿಸಿ ಎಂದು ಕೇಳಿದೆ. ಹೇಳಿಕೆ ಬರೆಸುವ ಮೊದಲು ನೋಡಲೇಬೇಕು ಎಂದು ಹಟ ಹಿಡಿದೆ, ಯಾಕೆಂದರೆ ಕೈ ನನ್ನದು ಎಂದ ಮಾತ್ರಕ್ಕೆ ಟ್ಯಾಂಕು ಕಳವಿನದಲ್ಲ ಎಂದಾಗುವುದಿಲ್ಲ. ಅವನು ಒಳ್ಳೆಯವನೆಂದು ಯಾರೋ ಹೇಳಿದರೆ ನಂಬುವವನು ನಾನಲ್ಲ. ಸಾಹೇಬರ ಎದುರಿಗೆ ಟ್ಯಾಂಕು ಮಗುಚಿ ಹಾಕಿಸಿದೆ. ಕೆಳಗೆ ಎರಡು ತಗಡು ಕೂಡುವ ಮಡಿಕೆಯೊಳಗೆ ಕೆರೆಯುವ ಪತ್ತಿ ಹೋಗುವುದಿಲ್ಲ. ಅಲ್ಲಿ ಮೂರು ಇಂಚು ಉದ್ದ ಹಳೆಯ ಬಣ್ಣ ಉಳಿದಿದೆ. ಪಟಾಲಮ್ಮಿನ ಹಸಿರು. ಸೂಜಿಯಿಂದ ಕೆದಕಿ ನೋಡಿದೆ. ಹಸಿರಿನ ಕೆಳಗೆ ಅಸ್ತರು, ಅಸ್ತರಿನ ಕೆಳಗೆ ಲೋಹ. ಕರಿಯ ಬಣ್ಣ ಹಸಿರಿನ ಮೇಲೂ ಇಲ್ಲ, ಕೆಳಗೂ ಇಲ್ಲ. ಈ ಟ್ಯಾಂಕು ಹುಟ್ಟಿದಂದಿನಿಂದ ಒಂದು ದಿನವೂ ಕರಿಯದಾಗಿರಲಿಲ್ಲ. ಇದನ್ನು ನಾನು ಪೇಂಟರ್ ಆಗಿ ಹೇಳುತ್ತೇನೆ, ಯಾವ ಕೋರ್ಟಿನಲ್ಲಿ ಕೇಳಿದರೂ ಹೇಳುತ್ತೇನೆ. ಸಾಹೇಬರು ಭೂತಗನ್ನಡಿ ತರಿಸಿ ತಾವೂ ನೋಡಿದ್ದಾರೆ.

ಟ್ಯಾಂಕಿನ ಮೇಲಿನ ಕೈ ನನ್ನದು. ಜೊತೆಗಾರನೆಂಬವನು ಯಾರೂ ಇಲ್ಲ. ಮೊದಲ ದಿನವೇ ಗೊತ್ತಿದ್ದೂ ಎರಡು ದಿನ ಸುಮ್ಮನಿದ್ದೆ.

ಲಾಕಪ್ಪಿನ ಮುಂದೆ ಹಾದು ಬರುವಾಗ ಕೊರಗಪ್ಪ ಸರಳು ಹಿಡಿದು ನಿಂತಿದ್ದ. ಅವನೇ ಕೇಳಿದ: "ಯಜಮಾನ್ರೆ, ಕೆರೆಯುದು ಹೇಳಿದ್ರಿ, ಒರೆಸುದು ಹೇಳಿದ್ರಿ. ಅಸ್ತರು ಎಷ್ಟು ಸಲ ಹೊಡೀಬೇಕು ಅಂತ ಹೇಳ್ಲೇ ಇಲ್ಲ."

ಎರಡು ಸಲ, ತೆಳ್ಳಗೆ, ಆ ತಿಗಣೆ ಪಂಪಿನಲ್ಲಿ ಬೇಡ ಎಂದು ಹೇಳಿದೆ.

ನನ್ನ ವಿನಂತಿ ಇಷ್ಟು. ಅವನನ್ನು ಇವತ್ತು ಸಂಜೆಯೊಳಗೆ ಬಿಡಬೇಕು. ಹೋಟೆಲ್ ಮಾಲೀಕರಿಗೆ ಠಾಣೆಯಿಂದಲೇ ತಿಳಿಸಬೇಕು, ಇಲ್ಲವೇ ನನ್ನನ್ನು ಶಿಪಾಯಿಯ ಜೊತೆ ಮಾಟುಂಗಾಕ್ಕೆ ಕಳಿಸಬೇಕು, ನಾನೇ ಹೇಳುತ್ತೇನೆ. ಟ್ಯಾಂಕನ್ನು ಶಿಪಾಯಿಗಳು ಸೋಮವಾರ ಬರಿಗೈಯಲ್ಲಿ ಎತ್ತಿ ತಂದಿದ್ದಾರೆ, ಅವರ ಬೆರಳೂ ಎದ್ದಿವೆ. ಈಗಲೇ ಎಣ್ಣೆ ಬಟ್ಟೆ ಆಡಿಸಿ ಇಡಬೇಕು. ನನ್ನ ಕೈಯ ಗುರುತನ್ನು ತಾಳೆ ನೋಡಿದ ಮೇಲೆ ತಿಕ್ಕಿ ತೆಗೆಯುವ ಕೆಲಸ ನನಗೇ ಬಿಡಬೇಕು. ಗೊತ್ತಿಲ್ಲದವರು ತಿಕ್ಕಿದರೆ ಲೋಹದಲ್ಲಿ ಗುಂಡಿ ಬೀಳುತ್ತದೆ, ಎಷ್ಟು ಬಣ್ಣ ಹೊಡೆದರೂ ಕಾಣುತ್ತದೆ. ದಸರಾಕ್ಕೆ ಇನ್ನು ಎರಡು ವಾರವೂ ಇಲ್ಲ.

ಗ್ಯಾಲರಿಯಲ್ಲಿ ಪರದೆ ಕಟ್ಟಿದ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಶಿಪಾಯಿ ನೀಲಕಂಠಪ್ಪ ಇದನ್ನು ನನಗೆ ಎರಡು ಸಲ ಓದಿ ತೋರಿಸಿದರು. ನಾನು ಹೇಳಿದ್ದೇ ಇದರಲ್ಲಿದೆ, ಈ ಸಲ ಏನನ್ನೂ ಬಿಟ್ಟಿಲ್ಲ. ಕೆಳಗೆ ಸಹಿ ಹಾಕಿದ್ದೇನೆ. ಸಹಿಯ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಬಲಗೈಯನ್ನು ಶಾಯಿಯಲ್ಲಿ ಅದ್ದಿ ಇಡಿಯಾಗಿ ಒತ್ತಿದ್ದೇನೆ.

ಸ್ಥಳ: ವಡಾಲ, ಮುಂಬಯಿ
ತಾರೀಕು: 12 ಅಕ್ಟೋಬರ್ 1955, ಬುಧವಾರ, ಬೆಳಗ್ಗೆ 10-35

(ಸಹಿ) ಸಿದ್ದರಾಮಪ್ಪ ದಾನಪ್ಪ ಗಾಣಿಗೇರ
ಬರೆದುಕೊಂಡವರು: ನೀಲಕಂಠಪ್ಪ, ಪೊಲೀಸ್ ಶಿಪಾಯಿ