ಅಮ್ಮನಿಗೆ ಕುಡಿಸಿದ ಡಬ್ಬಿಯ ನೀರು

ಅಧ್ಯಕ್ಷತೆ ವಹಿಸಿರುವ ಪಾದ್ರಿ ಎವೆಲಿಯೋ ಅವರೇ, ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಚಿಕಿತ್ಸಾಲಯದ ಆಹಾರತಜ್ಞೆ ಯೋರ್ಲೆನಿ ಮಾಸಿಸ್ ಅವರೇ, ಕ್ಯಾರೆಟ್ ಬೆಳೆಗಾರರ ಸಂಘದ ಬಂಧುಗಳೇ, ನಾನು ಎದ್ದು ನಿಂತ ಕೂಡಲೇ ಆಕಳಿಸಿದ ಸಭಿಕರೇ,

ಸಂಘದ ಅಧ್ಯಕ್ಷನಾಗಿ ಎರಡು ಮಾತಾಡು ಎಂದಿದ್ದಾರೆ. ಇರಾಸು ಜ್ವಾಲಾಮುಖಿಯ ಈ ಬೂದಿಮಣ್ಣಿನ ಕ್ಯಾರೆಟ್ಟಿಗೆ ಸಮವುಂಟೇ? ಇಲ್ಲ. ಕಾರ್ಖಾನೆಯಲ್ಲಿ ಬೇಯಿಸಿ ಡಬ್ಬಿಯಲ್ಲಿ ತುಂಬಿದ್ದು ಕ್ಯಾರೆಟ್ಟೇ? ಅಲ್ಲವೇ ಅಲ್ಲ. ಹೀಗೆಂದು ಇದೇ ವೇದಿಕೆಯಲ್ಲಿ ಹನ್ನೊಂದು ವರ್ಷ ಕೂಗಿದವನು ನಾನು, ಎಲಾದಿಯೋ ಬ್ರೆನೆಸ್. ಇವತ್ತೂ ಅದನ್ನೇ ಬರೆದುಕೊಂಡು ಬಂದಿದ್ದೆ. ಆ ಚೀಟಿ ಜೇಬಿನಲ್ಲೇ ಇರಲಿ.

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂತು. ನಾನು ಬೇಯಿಸಿದ ಕ್ಯಾರೆಟ್ ಒಂದೋ ಕಲ್ಲು, ಇಲ್ಲವೇ ಕರಕಲು. ಅಮ್ಮನಿಗೆ ತೊಂಬತ್ತೊಂದು, ಬಾಯಲ್ಲಿ ಒಂದೂ ಹಲ್ಲಿಲ್ಲ. ತಟ್ಟೆ ದೂಡಿಬಿಡುತ್ತಿದ್ದಳು. ನಲವತ್ತಾರು ಕಿಲೋ ಇದ್ದವಳು ಮೂವತ್ತೆಂಟಕ್ಕೆ ಇಳಿದಳು. ಎತ್ತಿ ಮಲಗಿಸುವಾಗ ಕೈಗೆ ಭಾರವೇ ಸಿಗುತ್ತಿರಲಿಲ್ಲ. ಹೆದರಿಬಿಟ್ಟೆ.

ಕಾರ್ತಾಗೋ ಪಟ್ಟಣದಲ್ಲಿ ನನ್ನ ಗುರುತಿಲ್ಲದ ಅಂಗಡಿ ಹುಡುಕಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಆರು ಡಬ್ಬಿ ಕ್ಯಾರೆಟ್ ಕೊಂಡೆ. ಆಲೂಗಡ್ಡೆ ಚೀಲದ ಅಡಿಯಲ್ಲಿಟ್ಟು ತಂದೆ. ಅಮ್ಮ ತಿಂದಳು. ಇನ್ನೊಂದು ಚಮಚ ಕೇಳಿದಳು. "ನಮ್ಮ ಹೊಲದ್ದೇನೋ?" ಅಂದಳು. "ಹೂಂ ಕಣಮ್ಮ, ಕೆಳಗಿನ ಪಟ್ಟೆಯದು" ಅಂದೆ.

ಈಗ ನೀವೇ ಹೇಳಿ, ಕ್ಯಾರೆಟ್ ಬೇಯಿಸಿದ ನೀರನ್ನು ನಮ್ಮೂರಲ್ಲಿ ಯಾರಾದರೂ ಚೆಲ್ಲುತ್ತಾರಾ? ಬಾಣಂತಿಗೆ ಕುಡಿಸುತ್ತೇವೆ, ಮಗುವಿಗೆ ಕುಡಿಸುತ್ತೇವೆ. ಸತ್ವವೆಲ್ಲ ಅದರಲ್ಲೇ ಎಂದು ನಾನೂ, ಡಬ್ಬಿ ಮುಗಿದಂತೆಲ್ಲ ಮತ್ತೆ ತಂದು, ಅದರ ನೀರನ್ನು ಬಿಸಿ ಮಾಡಿ ದಿನಾ ಒಂದು ಲೋಟ ಕುಡಿಸಿದೆ. ಮೂರು ವಾರಕ್ಕೆ ಅಮ್ಮನ ಕಾಲು ಊದಿಕೊಂಡಿತು, ರಕ್ತದೊತ್ತಡ ಏರಿತು.

ಚಿಕಿತ್ಸಾಲಯದಲ್ಲಿ ಡಾಕ್ಟರು ಗುಳಿಗೆ ಬರೆದು ಯೋರ್ಲೆನಿ ಅವರ ಹತ್ತಿರ ಕಳಿಸಿದರು. "ಎಲಾದಿಯೋ ಅವರೇ, ಅಮ್ಮನಿಗೆ ತಿನ್ನೋಕೆ ಏನು ಕೊಡ್ತಿದೀರಿ?" ಎಂದು ಕೇಳಿದರು. "ನಮ್ಮ ತಾಜಾ ಕ್ಯಾರೆಟ್" ಅಂದೆ. ಅವರು ಅಮ್ಮನ ಕಾಲನ್ನು ಬೆರಳಲ್ಲಿ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವರನ್ನು ಹೊರಗೆ ಕರೆದು ಎಲ್ಲ ಒಪ್ಪಿಕೊಂಡೆ. "ಅಮ್ಮನ್ನ ನಾನೇ ಕೊಲ್ತಾ ಇದೀನಾ?" ಎಂದು ಕೇಳಿದೆ. ಅತ್ತೂಬಿಟ್ಟೆ, ಮುಚ್ಚಿಡುವುದೇನು.

ಅವರು ನಗಲಿಲ್ಲ. "ಡಬ್ಬಿಯದ್ರಲ್ಲೂ ಕಣ್ಣಿಗೆ ಬೇಕಾದ 'ಎ' ಜೀವಸತ್ವ ಬೇಕಾದಷ್ಟಿದೆ. 'ಸಿ' ಕಡಿಮೆಯಾಗಿರುತ್ತೆ, ಅದಕ್ಕೆ ಕಿತ್ತಳೆ ಹಿಂಡಿ ಕೊಡಿ. ಕಾಟ ಕೊಟ್ಟಿದ್ದು ಕ್ಯಾರೆಟ್ ಅಲ್ಲ, ಆ ನೀರಿನ ಉಪ್ಪು. ನೀರು ಚೆಲ್ಲಿ, ಹೋಳು ತೊಳೆದು, ಚೂರು ಬೆಣ್ಣೆ ಹಾಕಿ ಹಿಸುಕಿ ಕೊಡಿ. ನಿಮ್ಮ ಹೊಲದ್ದೂ ಆಗುತ್ತೆ, ಮೆತ್ತಗಾಗೋವರೆಗೂ ಒಲೆ ಮುಂದೆ ನಿಂತ್ಕೊಳ್ಳೋ ತಾಳ್ಮೆ ನಿಮಗಿದ್ರೆ" ಅಂದರು.

ಎರಡು ವಾರದಲ್ಲಿ ಊತ ಇಳಿಯಿತು. ಅಮ್ಮನ ಕಾಲಿಗೆ ಚಪ್ಪಲಿ ಹಿಡಿಸಿದ ದಿನ ನನಗಾದ ನೆಮ್ಮದಿ ಯಾವ ಒಳ್ಳೆಯ ಬೆಳೆಗೂ ಆಗಿರಲಿಲ್ಲ, ಸಭಿಕರೇ. ಆ ಧೈರ್ಯದ ಮೇಲೆ ಅವಳಿಗೂ ಹೇಳಿಬಿಟ್ಟೆ.

"ಅಮ್ಮಾ, ಅದು ಹೊಲದ್ದಲ್ಲ, ಡಬ್ಬಿಯದು."

"ಗೊತ್ತು. ಎಪ್ಪತ್ತು ವರ್ಷ ಕ್ಯಾರೆಟ್ ತೊಳೆದೋಳು ನಾನು. ಮೊದಲನೇ ಚಮಚಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅಧ್ಯಕ್ಷ. ನಾನು ಬಾಯಿ ಬಿಟ್ರೆ ನೀನು ನಾಚಿಕೊಂಡು ತರೋದೇ ನಿಲ್ಲಿಸ್ತಿದ್ದೆ. ನನಗೆ ಹಸಿವಾಗಿತ್ತು ಕಣೋ."

"ಆ ಉಪ್ಪುನೀರು?"

"ಅದನ್ನೂ ಅದಕ್ಕೇ ಕುಡಿದೆ."

ಇದನ್ನು ನಿಮಗೆ ಹೇಳದೆ ಈ ವೇದಿಕೆ ಇಳಿಯುವುದು ನನ್ನಿಂದಾಗಲಿಲ್ಲ. ಈಗ ಹಗುರವಾಗಿದೆ. ನಮ್ಮ ಕ್ಯಾರೆಟ್ ಚೆನ್ನಾಗಿದೆ, ಇವತ್ತಿಗೂ ಅದೇ ನನ್ನ ಮಾತು. ಆದರೆ ಇನ್ನು ಮೇಲೆ ಡಬ್ಬಿಯನ್ನು ಬೈಯುವ ಅಧ್ಯಕ್ಷ ಬೇಕಿದ್ದರೆ ಬೇರೆಯವರನ್ನು ಆರಿಸಿಕೊಳ್ಳಿ. ಯೋರ್ಲೆನಿ ಅವರೇ, ಹೋದ ಊರಲ್ಲಿ ಸುಖವಾಗಿರಿ. ನಮ್ಮ ಮನೆಯ ಪರವಾಗಿ ನಿಮಗೆ ವಂದನೆ. ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ನಲವತ್ತಮೂರು ಕಿಲೋ. ಎಲ್ಲರಿಗೂ, ಮೊದಲು ಅವಳಿಗೆ, ನಮಸ್ಕಾರ.